ಬೇತಾಳನಿಗೆ ಮೂರೂವರೆ ನಕ್ಷತ್ರ

ಇಪ್ಪತ್ಮೂರು ಕಾದಂಬರಿಗಳನ್ನು ನಮ್ಮ ಬಡಾವಣೆಯ ಸಾಹಿತ್ಯ ಸಂಘದ ಕಾರ್ಯದರ್ಶಿಗಳು ಅಂಗೈ ಮೇಲೆ ಇಟ್ಟುಕೊಂಡು ಬಂದರು. ಹಿಂದೆಲ್ಲ ಸ್ಪರ್ಧೆಯ ಪುಸ್ತಕಗಳು ಆಟೋದಲ್ಲಿ ಬರುತ್ತಿದ್ದವು, ಸೆಣಬಿನ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಯಲ್ಲಿ. ತೀರ್ಪು ಕೊಟ್ಟಾದ ಮೇಲೆ ಪೆಟ್ಟಿಗೆ ನಮ್ಮದೇ. ರದ್ದಿಯವನು ತೂಕ ಹಾಕಿ ಕೊಡುತ್ತಿದ್ದ ದುಡ್ಡು ಸಂಘದ ಗೌರವಧನಕ್ಕಿಂತ ವಾಸಿ ಇರುತ್ತಿತ್ತು. ಈ ಸಲ ಬಂದದ್ದು ಸ್ಲೇಟಿನಂಥ ಒಂದು ಹಲಗೆ.

"ಎಲ್ಲಾ ಇದರೊಳಗೇ ಇದೆ ಸಾರ್. ಮಗ ಹಾಕಿಕೊಟ್ಟಿದಾನೆ, ಅವನದೇ ಅಕೌಂಟು. ಮುಗಿದ ಮೇಲೆ ವಾಪಸ್ ಕೊಟ್ರೆ ಸಾಕು."

ವಾಪಸ್ ಎಂಬ ಮಾತು ಕೇಳಿದಾಗಲೇ ಹೊಸ ತಂತ್ರಜ್ಞಾನದ ಬಗ್ಗೆ ನನಗೆ ತಾತ್ವಿಕ ಭಿನ್ನಾಭಿಪ್ರಾಯ ಹುಟ್ಟಿತು.

ಸ್ಪರ್ಧೆ ಅದ್ಭುತ ಮತ್ತು ಸಾಹಸ ಕಾದಂಬರಿಗಳದ್ದು, ಮೂವತ್ತರ ಒಳಗಿನವರಿಗೆ. ತೀರ್ಪುಗಾರರು ಮೂವರು. ಒಬ್ಬರು ನಿವೃತ್ತ ಪ್ರಾಧ್ಯಾಪಕರು. ನವ್ಯದ ಕಾಲದಲ್ಲಿ ಅವರು ಎಷ್ಟೋ ಲೇಖಕರನ್ನು ಒಂದೇ ವಾಕ್ಯದಲ್ಲಿ ಮಲಗಿಸಿದವರು. ಆ ವಾಕ್ಯ ಈಗಲೂ ಅವರ ಬಳಿ ಇದೆ. ಎರಡನೆಯವರು ಸಿನಿಮಾ ವಿಮರ್ಶಕರು. ಶುಕ್ರವಾರ ಬಿಡುಗಡೆಯಾಗುವ ಯಾವುದೇ ಚಿತ್ರಕ್ಕೂ ಮೂರೂವರೆ ನಕ್ಷತ್ರ ಕೊಡುವುದು ಅವರ ಧರ್ಮ. ಮೂರು ಕೊಟ್ಟರೆ ನಿರ್ಮಾಪಕರಿಗೆ ಬೇಜಾರು, ನಾಲ್ಕು ಕೊಟ್ಟರೆ ಓದುಗರಿಗೆ ಅನುಮಾನ. ಮೂರನೆಯವನು ನಾನು. ನನ್ನ ಅರ್ಹತೆ ಏನೆಂದು ಸಂಘದವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನ ಮನೆ ಸಭಾಂಗಣದ ಹಿಂದಿನ ರಸ್ತೆಯಲ್ಲೇ ಇದೆ ಎಂಬುದನ್ನು ಮಾತ್ರ ಇಲ್ಲಿ ದಾಖಲಿಸುತ್ತೇನೆ.

ಅಂಕ ಹಾಕಲು ಒಂದು ಹಾಳೆಯನ್ನೂ ಕೊಟ್ಟಿದ್ದರು. ಹೋದ ವರ್ಷದ ಸಾಮಾಜಿಕ ಕಾದಂಬರಿ ಸ್ಪರ್ಧೆಯದು. ಜೆರಾಕ್ಸ್ ಪ್ರತಿಗಳು ಒಂದು ಕಟ್ಟು ಉಳಿದಿದ್ದವಂತೆ. ಸಹಜತೆ 25, ಸಾಮಾಜಿಕ ಕಾಳಜಿ 25, ಭಾಷೆ 25, ಸಂದೇಶ 25. ಕುದುರೆಮುಖದ ಗುಹೆಯಲ್ಲಿ ಮಲಗಿದ್ದ ಡ್ರ್ಯಾಗನ್ ಒಂದರ ಸಾಮಾಜಿಕ ಕಾಳಜಿಗೆ ಎಷ್ಟು ಕೊಡಬೇಕೆಂದು ಅರ್ಧ ಗಂಟೆ ಯೋಚಿಸಿ 7 ಕೊಟ್ಟೆ. ಅದು ಸುಟ್ಟದ್ದು ಗಣಿಯವರನ್ನು, ಹಾಗಾಗಿ ಏಳು. ಹಾಳು ಕಲ್ಯಾಣಿಯ ಮೆಟ್ಟಿಲಿಳಿದು ನೀರಿನಡಿಯ ಊರಿಗೆ ಹೋದ ಹುಡುಗಿಯ ಕಥೆಗೆ ಸಹಜತೆಯಲ್ಲಿ 3. ನೀರೊಳಗೆ ಅವಳು ಉಸಿರಾಡಿದ್ದು ಹೇಗೆಂದು ಲೇಖಕ ವಿವರಿಸಿರಲಿಲ್ಲ. ಮುಂದೆ ವಿವರಿಸಿದ್ದನೋ ಏನೋ, ನಾನು ಓದಿದ ಮೂರು ಪುಟಗಳಲ್ಲಂತೂ ವಿವರಿಸಿರಲಿಲ್ಲ.

ಇಂಥ ತೀರ್ಪು ಕೊಟ್ಟವರಲ್ಲಿ ನಾನು ಮೊದಲಿಗನಲ್ಲ. 1956ರಲ್ಲಿ ಅಮೆರಿಕದ ದೊಡ್ಡ ವಿಮರ್ಶಕ ಎಡ್ಮಂಡ್ ವಿಲ್ಸನ್, ಟೋಲ್ಕಿನ್‌ನ ‘ಲಾರ್ಡ್ ಆಫ್ ದ ರಿಂಗ್ಸ್’ ಬೆಳೆದವರು ಓದುವ ಪುಸ್ತಕವೇ ಅಲ್ಲ, ಹುಡುಗಾಟದ ಕಸ ಎಂಬರ್ಥದಲ್ಲಿ ಝಾಡಿಸಿದ. ಅವನು ಪ್ರಾಮಾಣಿಕ, ಮೂರೂ ಸಂಪುಟಗಳನ್ನು ತನ್ನ ಏಳು ವರ್ಷದ ಮಗಳಿಗೆ ಗಟ್ಟಿಯಾಗಿ ಓದಿ ಹೇಳಿದ ಮೇಲೆಯೇ ಬೈದದ್ದು. ಮಗಳೋ, ಅದೇ ಟೋಲ್ಕಿನ್‌ನ ‘ಹಾಬಿಟ್’ ಮುಗಿಸಿದ ಕೂಡಲೇ ಮತ್ತೆ ಮೊದಲ ಪುಟದಿಂದ ಶುರು ಹಚ್ಚಿಕೊಳ್ಳುತ್ತಿದ್ದವಳು. ಆ ಮನೆಯಲ್ಲಿ ವಿಮರ್ಶೆ ಬರೆಯುವ ಕೆಲಸ ಇಬ್ಬರಲ್ಲಿ ಯಾರಿಗೆ ಹೋಗಬೇಕಿತ್ತು ಎಂಬ ಪ್ರಶ್ನೆಯನ್ನು ಪತ್ರಿಕೆ ಎತ್ತಲಿಲ್ಲ.

1961ರಲ್ಲಿ ಸಿ.ಎಸ್. ಲೂಯಿಸ್ ತನ್ನ ಗೆಳೆಯ ಟೋಲ್ಕಿನ್ ಹೆಸರನ್ನು ನೊಬೆಲ್ಲಿಗೆ ಸೂಚಿಸಿದ. ಕಥೆ ಹೇಳುವ ಗುಣಮಟ್ಟ ಸಾಲದು ಎಂದು ಸ್ಟಾಕ್‌ಹೋಮಿನ ಸಮಿತಿ ತಳ್ಳಿಹಾಕಿತು. ಈ ಸಂಗತಿ ಹೊರಬಿದ್ದದ್ದು ಐವತ್ತು ವರ್ಷದ ಗೋಪ್ಯ ಮುಗಿದ ಮೇಲೆ, 2012ರಲ್ಲಿ. ತೀರ್ಪುಗಾರರಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇನ್ನೊಂದಿಲ್ಲ. ಅರ್ಜಿ ಹಾಕಿದವನೂ ಹೋಗಿರುತ್ತಾನೆ, ತಿರಸ್ಕರಿಸಿದವನೂ ಹೋಗಿರುತ್ತಾನೆ. ನಮ್ಮ ಸಂಘದಲ್ಲಿ ಫಲಿತಾಂಶದ ಸಂಜೆಯೇ ಹುಡುಗರ ಅಪ್ಪಂದಿರು ಫೋನ್ ಮಾಡುತ್ತಾರೆ.

ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯವರದು ಇನ್ನೂ ನಾಜೂಕು. ಹ್ಯಾರಿ ಪಾಟರ್ ಪುಸ್ತಕಗಳು ಮಾರಾಟದ ಪಟ್ಟಿಯ ಮೇಲ್ತುದಿಯಲ್ಲಿ ಬೀಡುಬಿಟ್ಟು, ದೊಡ್ಡವರ ಕಾದಂಬರಿಗಳಿಗೆ ಜಾಗ ಸಿಗದೆ ಪ್ರಕಾಶಕರು ಗೊಣಗತೊಡಗಿದಾಗ, 2000ದ ಜುಲೈನಲ್ಲಿ ಮಕ್ಕಳ ಪುಸ್ತಕಗಳಿಗೇ ಒಂದು ಬೇರೆ ಪಟ್ಟಿ ಹುಟ್ಟಿತು. ಓಟದಲ್ಲಿ ಸದಾ ಗೆಲ್ಲುವ ಹುಡುಗನನ್ನು ಪಕ್ಕದ ಮೈದಾನಕ್ಕೆ ಕಳಿಸಿ, ಇಲ್ಲಿ ಎರಡನೆಯವನ ಕೊರಳಿಗೆ ಹಾರ ಹಾಕಿದ ಹಾಗೆ.

ನಮ್ಮ ಪ್ರಾಧ್ಯಾಪಕರ ಆಕ್ಷೇಪ ಇವೆಲ್ಲಕ್ಕಿಂತ ಮೂಲಭೂತವಾದದ್ದು. ಮೊದಲ ಸಭೆಯಲ್ಲಿ ಬೋಂಡಾ ಕೈಗೆತ್ತಿಕೊಳ್ಳುವ ಮೊದಲೇ ಅವರು ಅಂದರು: "ನೋಡಿ, ಇವು ಕಾದಂಬರಿಗಳೇ ಅಲ್ಲ. ಕಾದಂಬರಿ ಅಂದರೆ ವಾಸ್ತವದ ಜೊತೆ ಮುಖಾಮುಖಿ. ಇವು ಪಲಾಯನ."

ಕಾದಂಬರಿ ಎಂಬ ಮಾತು ನಮಗೆ ಎಲ್ಲಿಂದ ಬಂತೆಂದು ಪ್ರಾಧ್ಯಾಪಕರಿಗೆ ಗೊತ್ತಿಲ್ಲದೆ ಇಲ್ಲ. ನಲವತ್ತು ವರ್ಷ ಅದನ್ನೇ ಪಾಠ ಮಾಡಿದವರು. ಏಳನೇ ಶತಮಾನದಲ್ಲಿ ಹರ್ಷನ ಆಸ್ಥಾನದ ಬಾಣ ಬರೆದ ಕಥೆಯ ನಾಯಕಿಯ ಹೆಸರು ಅದು. ಶೂದ್ರಕ ರಾಜನ ಸಭೆಗೆ ಹುಡುಗಿಯೊಬ್ಬಳು ಗಿಳಿಯ ಪಂಜರ ತರುತ್ತಾಳೆ. ಗಿಳಿ ತನ್ನ ಕಥೆ ಹೇಳುತ್ತದೆ. ಗಿಳಿಯ ಕಥೆಯೊಳಗೆ ಜಾಬಾಲಿ ಋಷಿ ಇನ್ನೊಂದು ಕಥೆ ಹೇಳುತ್ತಾನೆ. ಅದರೊಳಗೆ ಮಹಾಶ್ವೇತೆ ತನ್ನದನ್ನು ಹೇಳುತ್ತಾಳೆ. ಆಕಾಶದ ಚಂದ್ರ ಶಾಪ ತಗುಲಿ ರಾಜಕುಮಾರನಾಗಿ ಹುಟ್ಟುತ್ತಾನೆ, ಸಾಯುತ್ತಾನೆ, ಮತ್ತೆ ಹುಟ್ಟುತ್ತಾನೆ. ಅವನು ಏರಿದ ಕುದುರೆ ಕುದುರೆಯಲ್ಲ, ಶಾಪಗ್ರಸ್ತ ಮುನಿಕುಮಾರ. ಸತ್ತ ಇನಿಯನ ದೇಹ ಕೆಡದೆ ಕಾದಿರುತ್ತದೆ. ಹತ್ತನೇ ಶತಮಾನದ ಕೊನೆಗೆ ನಾಗವರ್ಮ ಇದನ್ನು ಕನ್ನಡಕ್ಕೆ ತಂದ. ಸುಮಾರು ಒಂಬೈನೂರು ವರ್ಷ ಕಳೆದ ಮೇಲೆ ಇಂಗ್ಲಿಷಿನ ನಾವೆಲ್ಲಿಗೆ ಒಂದು ಹೆಸರು ಬೇಕಾದಾಗ, ವಾಸ್ತವದ ಜೊತೆ ಮುಖಾಮುಖಿಗೆ ಹೊರಟಿದ್ದ ನಮ್ಮ ಹಿರಿಯರು ಹುಡುಕಿ ಹುಡುಕಿ ಇಟ್ಟ ಹೆಸರು ಈ ಗಂಧರ್ವ ಕನ್ಯೆಯದು.

ನಮ್ಮ ಅಂಕಪಟ್ಟಿಯ ಪ್ರಕಾರ ಬಾಣನಿಗೆ ಸಹಜತೆಯಲ್ಲಿ ಸೊನ್ನೆ. ಸಂದೇಶ ಹುಡುಕಬೇಕು. ಭಾಷೆಯಲ್ಲೂ ವಾಕ್ಯ ಉದ್ದವಾಯಿತೆಂದು ಐದು ಕಡಿತ. ಅದೂ ಅಲ್ಲದೆ ಅವನ ಕೃತಿ ಅಪೂರ್ಣ. ಅರ್ಧಕ್ಕೇ ತೀರಿಕೊಂಡ, ಮಗ ಭೂಷಣಭಟ್ಟ ಮುಗಿಸಿಕೊಟ್ಟ. ಈ ವಿಷಯದಲ್ಲಿ ಬಾಣನ ಓದುಗರು ಪುಣ್ಯವಂತರು. ‘ಗೇಮ್ ಆಫ್ ಥ್ರೋನ್ಸ್’ ಸರಣಿಯ ಐದನೇ ಪುಸ್ತಕ ಬಂದದ್ದು 2011ರಲ್ಲಿ. ಆರನೆಯದಕ್ಕೆ ಲೋಕ ಇನ್ನೂ ಕಾಯುತ್ತಿದೆ. ಅದರ ಲೇಖಕ ಜಾರ್ಜ್ ಮಾರ್ಟಿನ್ ಬರೆಯುವುದು ಡಾಸ್ ಕಾಲದ ಗಣಕದಲ್ಲಿ, ವರ್ಡ್‌ಸ್ಟಾರ್ 4.0 ಎಂಬ ಅಜ್ಜನಂಥ ತಂತ್ರಾಂಶದಲ್ಲಿ ಎಂದು 2014ರಲ್ಲಿ ಅವನೇ ಹೇಳಿದ್ದಾನೆ. ಅಷ್ಟರಲ್ಲಿ ಟಿ.ವಿ.ಯವರು ಕಾಯಲಾರದೆ ತಾವೇ ಒಂದು ಕೊನೆ ಹೆಣೆದು 2019ರಲ್ಲಿ ಮುಗಿಸಿದರು. ಭೂಷಣಭಟ್ಟನ ಮೇಲೆ ನನಗೆ ಗೌರವ ಹೆಚ್ಚಾದದ್ದು ಆ ಕೊನೆಯನ್ನು ನೋಡಿದ ಮೇಲೆ.

ಪಲಾಯನದ ಮಾತಿಗೆ ಟೋಲ್ಕಿನ್ 1939ರ ಒಂದು ಉಪನ್ಯಾಸದಲ್ಲೇ ಉತ್ತರ ಕೊಟ್ಟಿದ್ದ: ಜೈಲಿನಲ್ಲಿರುವವನು ತಪ್ಪಿಸಿಕೊಂಡು ಮನೆಗೆ ಹೋಗಲು ನೋಡಿದರೆ ತಪ್ಪೇನು ಅಂತ. ಇದನ್ನು ಸಭೆಯಲ್ಲಿ ಹೇಳೋಣವೆಂದುಕೊಂಡೆ. ಆದರೆ ಎರಡನೇ ಸುತ್ತು ಬೋಂಡಾ ಬಂತು.

ಹಾಗೆಂದು ಪ್ರಾಧ್ಯಾಪಕರು ಅದ್ಭುತದ ವೈರಿ ಎಂದುಕೊಳ್ಳಬೇಡಿ. ಕೊಲಂಬಿಯಾದ ಮಾರ್ಕ್ವೆಜ್ ಕಾದಂಬರಿಯಲ್ಲಿ ಹೆಂಗಸೊಬ್ಬಳು ಬಟ್ಟೆ ಮಡಿಚುತ್ತ ಮಡಿಚುತ್ತ ಹಚ್ಚಡದ ಸಮೇತ ಆಕಾಶಕ್ಕೆ ಏರಿಹೋದರೆ ಅವರ ಕಣ್ಣು ಹನಿಗೂಡುತ್ತದೆ. ಅದು ಮಾಂತ್ರಿಕ ವಾಸ್ತವ. ಅದೇ ಹೆಂಗಸು ಕೊಳ್ಳೇಗಾಲದಿಂದ ಏರಿದ್ದರೆ ಮೂಢನಂಬಿಕೆ. ಮೇಲೆ ಹೋಗುವವರು ಯಾವ ಊರಿನಿಂದ ಹೊರಟರು ಎಂಬುದು ವಿಮರ್ಶೆಯಲ್ಲಿ ಬಹಳ ಮುಖ್ಯ. ಕಾರ್ನಾಡರ ‘ನಾಗಮಂಡಲ’ದಲ್ಲಿ ಹಾವು ಗಂಡನ ರೂಪದಲ್ಲಿ ಬಂದರೆ ಜಾನಪದ ಪ್ರಜ್ಞೆ. ‘ಹಯವದನ’ದಲ್ಲಿ ತಲೆಗಳು ಅದಲು ಬದಲಾದರೆ ಅಸ್ತಿತ್ವದ ಪ್ರಶ್ನೆ. ತಿಪಟೂರಿನ ಇಪ್ಪತ್ತೆರಡರ ಹುಡುಗಿ ಬರೆದದ್ದರಲ್ಲಿ ತಲೆ ಅದಲು ಬದಲಾದರೆ ಬಾಲಿಶ. ತೇಜಸ್ವಿಯವರ ‘ಕರ್ವಾಲೊ’ದಲ್ಲಿ ಕಾಡೆಲ್ಲ ಅಲೆಸಿದ ಓತಿ ಕೊನೆಗೆ ಹಾರಿಹೋದದ್ದಕ್ಕೆ ಎಷ್ಟೊಂದು ಪಿಎಚ್‌ಡಿ ಅರ್ಥಗಳು ಹುಟ್ಟಿವೆ! ಹಾರುವ ಓತಿ ನಮ್ಮ ಪಶ್ಚಿಮಘಟ್ಟದಲ್ಲಿ ನಿಜಕ್ಕೂ ಇದೆ ಎಂಬುದು ಬೇರೆ ಮಾತು. ಸ್ಪರ್ಧೆಗೆ ಬಂದ ಒಂದು ಕೃತಿಯಲ್ಲೂ ಅಂಥ ಓತಿ ಇತ್ತು. ಪ್ರಾಧ್ಯಾಪಕರು ಅಂಚಿನಲ್ಲಿ ಪೆನ್ಸಿಲ್ಲಿನಿಂದ ‘ಓತಿ ಹಾರುವುದುಂಟೆ?’ ಎಂದು ಬರೆದಿದ್ದರು.

ಅಂಚು ಎಲ್ಲಿಂದ ಬಂತೆಂದರೆ, ಅವರು ಹಲಗೆ ಮುಟ್ಟುವುದಿಲ್ಲ. ಸಂಘದವರೇ ಪ್ರಿಂಟ್ ತೆಗೆಸಿ ಕೊಟ್ಟಿದ್ದರು. ಈ ಪ್ರಿಂಟಿನಲ್ಲಿ ಒಂದು ಅವಘಡವಾಯಿತು. ಒಬ್ಬ ಲೇಖಕ ಹಳೆಯ ‘ನುಡಿ’ ತಂತ್ರಾಂಶದಲ್ಲಿ ಟೈಪು ಮಾಡಿದ್ದ. ಅಂಗಡಿಯವನ ಗಣಕದಲ್ಲಿ ಆ ಅಕ್ಷರ ಇರಲಿಲ್ಲ. ನೂರಾ ನಲವತ್ತು ಪುಟ ಪೂರ್ತಿ ತಲೆಗೆ ಕೊಂಬು ಕಾಲಿಗೆ ಬಾಲ ಇರುವ ಇಂಗ್ಲಿಷ್ ಅಕ್ಷರಗಳೇ ಬಂದವು. ಪ್ರಾಧ್ಯಾಪಕರು ಅದಕ್ಕೆ ಭಾಷೆಯಲ್ಲಿ 25ಕ್ಕೆ 21 ಕೊಟ್ಟು, ‘ಅರ್ಥದ ದಬ್ಬಾಳಿಕೆಯಿಂದ ನುಡಿಯನ್ನು ಬಿಡಿಸುವ ದಿಟ್ಟ ಯತ್ನ’ ಎಂದು ಟಿಪ್ಪಣಿ ಬರೆದರು. ಇಡೀ ಸ್ಪರ್ಧೆಯಲ್ಲಿ ಅವರು ಕೊಟ್ಟ ಅತಿ ಹೆಚ್ಚು ಅಂಕ ಅದು.

ಸಿನಿಮಾ ವಿಮರ್ಶಕರದು ಬೇರೆಯೇ ದಾರಿ. ಕಥಾಸಾರವನ್ನು ವಾಟ್ಸ್ಯಾಪಿನಲ್ಲಿ ತರಿಸಿಕೊಂಡು, ಹೆಚ್ಚಿನವಕ್ಕೆ ‘ಫಸ್ಟ್ ಹಾಫ್ ಎಳೆದಾಟ, ಗ್ರಾಫಿಕ್ಸ್ ವೀಕು’ ಎಂದು ಬರೆದರು. ಕಾದಂಬರಿಯಲ್ಲಿ ಗ್ರಾಫಿಕ್ಸ್ ಎಲ್ಲಿ ಬಂತು ಎಂದು ನಾನು ಕೇಳಿದ್ದಕ್ಕೆ, "ಅದೇ ನಾನೂ ಹೇಳ್ತಿರೋದು, ಎಲ್ಲೂ ಇಲ್ಲ" ಅಂದರು. ನಾವಿಬ್ಬರೂ ಹಳೆಯ ಗೆಳೆಯರು. ‘ಬಬ್ರುವಾಹನ’ದಲ್ಲಿ ರಾಜಕುಮಾರ್ ಅಪ್ಪನಾಗಿ ಬಿಟ್ಟ ಬಾಣವನ್ನು ರಾಜಕುಮಾರೇ ಮಗನಾಗಿ ಕತ್ತರಿಸಿದಾಗ ಒಟ್ಟಿಗೆ ಶಿಳ್ಳೆ ಹೊಡೆದವರು. ಆಗ ಗ್ರಾಫಿಕ್ಸ್ ಎಂಬ ಪದ ನಮ್ಮ ಬಾಯಲ್ಲಿರಲಿಲ್ಲ, ಬಾಯಿ ಶಿಳ್ಳೆಯಲ್ಲಿ ನಿರತವಾಗಿತ್ತು.

ಅದ್ಭುತ ಚಿತ್ರಗಳಿಗೆ ತೀರ್ಪು ಕೊಡುವುದು ಹಾಲಿವುಡ್ಡಿಗೂ ಸುಲಭವಾಗಿಲ್ಲ ಬಿಡಿ. ‘ಲಾರ್ಡ್ ಆಫ್ ದ ರಿಂಗ್ಸ್’ನ ಮೂರನೇ ಚಿತ್ರ ಹನ್ನೊಂದು ಆಸ್ಕರ್‌ಗಳಿಗೆ ನಾಮನಿರ್ದೇಶನಗೊಂಡು, 2004ರಲ್ಲಿ ಹನ್ನೊಂದನ್ನೂ ಗೆದ್ದಿತು. ಅದರಲ್ಲಿ ನಟನೆಗೆ ಒಂದೂ ಇಲ್ಲ, ನಾಮನಿರ್ದೇಶನವೇ ಇರಲಿಲ್ಲ. ಚಿತ್ರ ತಾನಾಗಿಯೇ ಆಯಿತೆಂದು ಅಕಾಡೆಮಿಯವರು ತಿಳಿದಿರಬೇಕು. ಆಮೇಲೆ ಅದರ ನಿರ್ದೇಶಕ ಪೀಟರ್ ಜಾಕ್ಸನ್ ಮುನ್ನೂರು ಪುಟದ ‘ಹಾಬಿಟ್’ ಕೈಗೆತ್ತಿಕೊಂಡ. ಒಂದು ಸೇರು ಹಿಟ್ಟಿಗೆ ನೀರು ಹಾಕುತ್ತ ಹಾಕುತ್ತ ಮೂರು ಮದುವೆಗೆ ದೋಸೆ ಹುಯ್ದ: ಮೂರು ವರ್ಷ, ಮೂರು ಚಿತ್ರ, ಸುಮಾರು ಎಂಟು ಗಂಟೆ. ಪುಸ್ತಕ ಅದಕ್ಕಿಂತ ಬೇಗ ಮುಗಿಯುತ್ತದೆ. 2012ರ ಮೊದಲ ಭಾಗವನ್ನು ಸೆಕೆಂಡಿಗೆ 24ರ ಬದಲು 48 ಚೌಕಟ್ಟುಗಳಲ್ಲಿ ಚಿತ್ರಿಸಿ, ಎಲ್ಲವೂ ಕಣ್ಣೆದುರು ನಡೆದಂತೆ ಕಾಣಬೇಕೆಂದು ಆತ ಹಟ ಹಿಡಿದ. ಕಂಡಿತು. ಆಗ ವಿಮರ್ಶಕರು ಮುಖ ಸಿಂಡರಿಸಿ ಅಂದರು: ಇದು ತೀರಾ ನಿಜದಂತಿದೆ, ಟಿ.ವಿ. ಧಾರಾವಾಹಿ ನೋಡಿದ ಹಾಗಾಗುತ್ತದೆ, ಗೋಡೆ ರಟ್ಟಿನದೆಂದು ಗೊತ್ತಾಗುತ್ತದೆ. ಸಹಜತೆಯ ಕಾಲಂನಲ್ಲಿ 25ಕ್ಕೆ 25 ಬಂದದ್ದಕ್ಕೇ ಫೇಲಾದ ಚಿತ್ರ ನನಗೆ ತಿಳಿದಂತೆ ಅದೊಂದೇ.

ಇದಕ್ಕಿಂತ ಬೇತಾಳನ ಪರೀಕ್ಷಾ ಪದ್ಧತಿ ಚೆನ್ನ. ಚಂದಮಾಮ ಓದಿದವರಿಗೆ ನೆನಪಿರುತ್ತದೆ. ಹೆಣದೊಳಗಿನ ಬೇತಾಳ ರಾಜನ ಹೆಗಲ ಮೇಲೆ ಕೂತು ಇಡೀ ಕಥೆ ಹೇಳುತ್ತಾನೆ, ಕೊನೆಗೊಂದು ಪ್ರಶ್ನೆ ಕೇಳುತ್ತಾನೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಿಡಿದು ಹೋಳಾಗುತ್ತದೆ. ಕಥೆ ಪೂರ್ತಿ ಕೇಳದೆ ವಿಧಿಯಿಲ್ಲ, ಹೆಣವೋ ಭಾರ, ದಾರಿಯೋ ಸ್ಮಶಾನದ್ದು. ಈ ಷರತ್ತನ್ನು ಸಾಹಿತ್ಯ ಸಮಿತಿಗಳಿಗೂ ಅನ್ವಯಿಸಿದರೆ ಶಾಲು ಹಾರಕ್ಕಿಂತ ಹೆಲ್ಮೆಟ್ಟಿಗೆ ಖರ್ಚು ಜಾಸ್ತಿಯಾಗುತ್ತದೆ. ನಮ್ಮ ಗೆಳೆಯರು ಬೇತಾಳನಿಗೆ ಎಷ್ಟು ಕೊಡುತ್ತಾರೆಂದು ಕೇಳಿದೆ. ಮೂರೂವರೆ.

ಈಗ ಹಲಗೆಯ ವಿಷಯ. ಡ್ರ್ಯಾಗನ್ನನ್ನು ನಂಬದ ನಾವು ಮೂವರೂ ಇದನ್ನು ಮಾತ್ರ ಒಂದು ಪ್ರಶ್ನೆ ಕೇಳದೆ ನಂಬಿದೆವು. ಗಾಜಿನ ಹಿಂದೆ ಕೂದಲೆಳೆಯ ದಪ್ಪದ ಲಕ್ಷಾಂತರ ಗುಳಿಗೆಗಳಂತೆ. ಒಂದೊಂದರಲ್ಲೂ ಕಪ್ಪು ಕಣ, ಬಿಳಿ ಕಣ. ವಿದ್ಯುತ್ತು ಹೀಗೆ ಹರಿದರೆ ಕಪ್ಪು ಮೇಲೆ ಬರುತ್ತದೆ, ಹಾಗೆ ಹರಿದರೆ ಬಿಳಿ. ಅಕ್ಷರ ಒಮ್ಮೆ ಮೂಡಿದ ಮೇಲೆ ಅದು ನಿಂತಿರುವುದಕ್ಕೆ ವಿದ್ಯುತ್ತೇ ಬೇಡ. ಪುಟ ತಿರುವಿದಾಗಷ್ಟೇ ಖರ್ಚು. ನನ್ನಂಥ ಓದುಗನ ಕೈಯಲ್ಲಿ ಬ್ಯಾಟರಿ ವರ್ಷಗಟ್ಟಲೆ ಬರಬಹುದು.

2007ರ ನವೆಂಬರಿನಲ್ಲಿ ಅಮೆಜಾನ್‌ನ ಕಿಂಡಲ್ ಎಂಬ ಇಂಥದೇ ಹಲಗೆ 399 ಡಾಲರ್ ಬೆಲೆ ಹೊತ್ತು ಬಂದಾಗ ಐದೂವರೆ ಗಂಟೆಯಲ್ಲಿ ದಾಸ್ತಾನು ಖಾಲಿ. ಎರಡೇ ವರ್ಷದಲ್ಲಿ ಅದು ತನ್ನ ಮಾಯಾವಿದ್ಯೆ ತೋರಿಸಿತು. 2009ರ ಜುಲೈಯಲ್ಲಿ, ಮಾರಿದ ಪ್ರಕಾಶಕನಿಗೆ ಹಕ್ಕು ಇರಲಿಲ್ಲವೆಂದು ಗೊತ್ತಾಗಿ, ಜನ ದುಡ್ಡು ಕೊಟ್ಟು ಕೊಂಡಿದ್ದ ಆರ್ವೆಲ್‌ನ ‘1984’, ‘ಅನಿಮಲ್ ಫಾರ್ಮ್’ ಎರಡನ್ನೂ ಕಂಪನಿ ದೂರದಿಂದಲೇ ಅಳಿಸಿತು. ದುಡ್ಡು ವಾಪಸ್ ಬಂತು, ಪುಸ್ತಕ ಇಲ್ಲ. ಮಿಷಿಗನ್ನಿನ ಒಬ್ಬ ಹೈಸ್ಕೂಲು ಹುಡುಗ ಬರೆದುಕೊಂಡಿದ್ದ ಟಿಪ್ಪಣಿಗಳು ಉಳಿದವಂತೆ, ಅವು ಯಾವ ಸಾಲಿನ ಮೇಲೆ ಬರೆದವೋ ಆ ಸಾಲೇ ಇಲ್ಲ. ಸರ್ಕಾರ ಹಳೆಯ ಬರಹಗಳನ್ನು ಸುಟ್ಟು ಮಾಯ ಮಾಡುವ ಕಥೆ ‘1984’ರದು. ಕಂಪನಿಯ ಯಜಮಾನ ಜೆಫ್ ಬೆಜೋಸ್ ಬಹಿರಂಗವಾಗಿ ಕ್ಷಮೆ ಕೇಳಿದ. ನಮ್ಮ ಇಪ್ಪತ್ಮೂರು ಕಾದಂಬರಿಗಳಲ್ಲಿ ಯಾವನಾದರೂ ಒಬ್ಬ ಹುಡುಗ, ಮಾಂತ್ರಿಕನೊಬ್ಬ ಸಾವಿರಾರು ಮೈಲಿ ಆಚೆ ಕೂತು ಚಿಟಿಕೆ ಹೊಡೆದರೆ ಮನೆಮನೆಯ ಕಪಾಟಿನ ಪುಸ್ತಕ ಮಾಯವಾಗುತ್ತದೆ ಎಂದು ಬರೆದಿದ್ದರೆ ನಾನು ಸಹಜತೆಗೆ 2 ಕೊಡುತ್ತಿದ್ದೆ.

ಇನ್ನೂ ಇದೆ. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದಂಗಡಿಗೆ ಬೀಗ ಹಾಕಿದಾಗ ಗಿರಾಕಿಗಳು ಕೊಂಡ ಪುಸ್ತಕಗಳೂ ಹೋದವು. ಕೊಂಡ ಪುಸ್ತಕವನ್ನು ಗಣಕಕ್ಕೆ ಇಳಿಸಿ ತಂತಿಯಿಂದ ಕಿಂಡಲ್ಲಿಗೆ ಹಾಕಿಕೊಳ್ಳುವ ಸೌಲಭ್ಯವನ್ನು ಅಮೆಜಾನ್ 2025ರ ಫೆಬ್ರವರಿಯಲ್ಲಿ ತೆಗೆಯಿತು. ನೀವು ಕೊಂಡದ್ದು ಪುಸ್ತಕ ಅಲ್ಲ, ಓದುವ ಪರವಾನಗಿ. ನಾಲ್ಕಾಣೆ ಬಾಡಿಗೆಗೆ ಪತ್ತೇದಾರಿ ಕಾದಂಬರಿ ಕೊಡುತ್ತಿದ್ದ ನಮ್ಮೂರ ಸರ್ಕ್ಯುಲೇಟಿಂಗ್ ಲೈಬ್ರರಿಯವನು ಅದನ್ನು ಬಾಡಿಗೆ ಎಂದೇ ಕರೆಯುತ್ತಿದ್ದ, ಪಾಪ, ಅವನಿಗೆ ವಕೀಲರಿರಲಿಲ್ಲ. ಕನ್ನಡಿಗರು ಈ ಮಾಯೆಯಿಂದ ಕೆಲಕಾಲ ಪಾರಾಗಿದ್ದೆವು ಎಂಬುದೂ ನಿಜ: 2016ರ ಡಿಸೆಂಬರಿನಲ್ಲಿ ಕಿಂಡಲ್ಲಿನವರು ಐದು ಭಾರತೀಯ ಭಾಷೆಗಳ ಪುಸ್ತಕದಂಗಡಿ ತೆರೆದಾಗ ಅವುಗಳಲ್ಲಿ ಕನ್ನಡ ಇರಲಿಲ್ಲ. ನಾವು ಬಹಳ ಕೂಗಾಡಿದೆವು. ಕೊಟ್ಟರೆ ಕಸಿದುಕೊಳ್ಳಬಹುದಾದದ್ದನ್ನು ನಮಗೆ ಕೊಟ್ಟೇ ಇಲ್ಲವೆಂದು.

ಹಲಗೆ ನನ್ನ ಮೇಜಿನ ಮೇಲೆ ಇಪ್ಪತ್ತು ದಿನ ಇತ್ತು. ಅಥವಾ ಇದೆ ಎಂದುಕೊಂಡಿದ್ದೆ.

ಅಂತಿಮ ಸಭೆಯಲ್ಲಿ ಮೊದಲ ಬಹುಮಾನಕ್ಕೆ ಯೋಗ್ಯ ಕೃತಿ ಇಲ್ಲವೆಂದು ಐದು ನಿಮಿಷದಲ್ಲಿ ಒಮ್ಮತಕ್ಕೆ ಬಂದೆವು. ಕಾರ್ಯದರ್ಶಿಗಳ ಮಗ ಮೂಲೆಯಲ್ಲಿ ಮೊಬೈಲು ಹಿಡಿದು ಕೂತಿದ್ದ.

"ಸಾರ್, ಒಂದು ಡೌಟು," ಎಂದ ನನ್ನ ಕಡೆ ತಿರುಗಿ. "ನನ್ನ ಫೋನಲ್ಲಿ ಈ ಕಾದಂಬರಿ ತೆಗೆದ್ರೆ, ಇನ್ನೊಂದು ಕಡೆ ಓದಿ ನಿಲ್ಲಿಸಿದ ಜಾಗಕ್ಕೆ ಹೋಗ್ಲಾ ಅಂತ ಕೇಳುತ್ತೆ. ಅಕೌಂಟು ಒಂದೇ ಅಲ್ವಾ. ಇಪ್ಪತ್ತೆರಡು ಕಾದಂಬರೀನ ನೀವು ಮೂರು ಪರ್ಸೆಂಟಿಗೆ ಬಿಟ್ಟಿದೀರಿ. ಕಲ್ಯಾಣಿ ಹುಡುಗೀದು ಮಾತ್ರ ತೊಂಬತ್ತಾರು. ನಿನ್ನೆ ರಾತ್ರಿ ಎರಡು ಹತ್ತರವರೆಗೂ ಓದಿದೀರಿ. ಆದ್ರೆ ಸಹಜತೆಗೆ ಮೂರೇ ಮೂರು ಕೊಟ್ಟಿದೀರಲ್ಲ?"

ಸಭೆ ಸ್ತಬ್ಧವಾಯಿತು. ನಿನ್ನೆ ರಾತ್ರಿ ಹತ್ತಕ್ಕೇ ನಾನು ಗೊರಕೆ ಹೊಡೆಯುತ್ತಿದ್ದೆ. ನನ್ನನ್ನು ಕಾಪಾಡಿದವರು ಪ್ರಾಧ್ಯಾಪಕರು.

"ರಾತ್ರಿ ಎರಡರವರೆಗೆ ಬಿಡದೆ ಓದಿಸಿಕೊಂಡರೂ ಮರುಳಾಗದೆ ಮೂರು ಕೊಟ್ಟಿದಾರೆ. ನಿಷ್ಠುರ ವಿಮರ್ಶೆ ಅಂದರೆ ಇದು ಕಣಯ್ಯ, ಕಲಿತುಕೋ."

ನಾನು ವಿನಯದಿಂದ ತಲೆ ತಗ್ಗಿಸಿದೆ. ಫಲಿತಾಂಶ ಬರೆದಾಯಿತು. ಹುಡುಗ ಮಾತಾಡದೆ ಮೊಬೈಲಿನಲ್ಲಿ ಏನೋ ಒತ್ತಿದ. ಸ್ಪರ್ಧೆ ಮುಗಿದ ಮೇಲೆ ಕೃತಿಗಳನ್ನು ಅಳಿಸುತ್ತೇವೆಂದು ಲೇಖಕರಿಗೆ ಮಾತು ಕೊಟ್ಟಿದ್ದರಂತೆ.

ಮನೆಗೆ ಬಂದರೆ ಅಮ್ಮ ಜಗಲಿಯಲ್ಲಿ ಹಲಗೆ ಹಿಡಿದು ಕೂತಿದ್ದಳು. ಎಪ್ಪತ್ತೆಂಟು ವರ್ಷ, ಒಂದು ಕಣ್ಣಿಗೆ ಪೊರೆ ತೆಗೆದಿದೆ. ಅಕ್ಷರವನ್ನು ಪುಟಕ್ಕೆ ಆರು ಸಾಲು ಬರುವಷ್ಟು ದೊಡ್ಡದು ಮಾಡಿಕೊಂಡಿದ್ದಳು. ಅದನ್ನು ಹೇಗೆ ಮಾಡುವುದೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

"ಇದರಲ್ಲಿದ್ದ ಕಥೆ ಎಲ್ಲೋ? ಮಧ್ಯಾಹ್ನ ಇತ್ತು. ಒಗ್ಗರಣೆ ಹಾಕಿ ಬರೋಷ್ಟರಲ್ಲಿ ಇಲ್ಲ."

"ಅಳಿಸಿದ್ರು ಕಣಮ್ಮ. ಸ್ಪರ್ಧೆ ಮುಗೀತು."

"ಅಳಿಸಿದ್ರಾ? ಇನ್ನೇನು ಎಂಟೋ ಹತ್ತೋ ಪುಟ ಉಳಿದಿತ್ತು. ಆ ನೀರೂರಿನ ಮುದುಕಿ ಬಾಗಿಲು ಹಾಕ್ತಾ ಇದ್ಲು, ಈ ಹುಡುಗಿ ಇನ್ನೂ ಒಳಗೇ ಇದ್ಲು." ಹಲಗೆಯನ್ನು ತಿರುಗಿಸಿ ಬೆನ್ನು ನೋಡಿದಳು, ಅಲ್ಲೇನಾದರೂ ಅಂಟಿಕೊಂಡಿದೆಯೇ ಎಂಬಂತೆ. "ಹೋಗ್ಲಿ, ನೀನು ಓದಿದೀಯಲ್ಲ, ನಂಬರು ಬೇರೆ ಕೊಟ್ಟಿದೀಯ. ಹೇಳು. ಅವಳು ಮೇಲೆ ಬಂದ್ಲಾ, ಅಲ್ಲೇ ಉಳಿದ್ಲಾ?"

ಗೊತ್ತಿದ್ದೂ ಹೇಳದಿದ್ದರೆ ತಾನೆ ತಲೆ ಸಿಡಿಯುವುದು. ನಾನು ಸುಮ್ಮನೆ ಚಪ್ಪಲಿ ಬಿಚ್ಚುತ್ತ ನಿಂತೆ. ತಲೆಗೆ ಏನೂ ಆಗಲಿಲ್ಲ.